ಬಕೆಟ್ ಮತ್ತು ಗಡಿಯಾರ ಹಿಡಿದು ಮಾಡಿದ ಪಟ್ಟಿ

ನಾನು ಅಥಣಿ ಕಡೆಯವಳು. ಮದುವೆಯಾಗಿ ಪುಣೆ ಜಿಲ್ಲೆಯ ಆಗಿನ ವೆಲ್ಹೆ, ಈಗಿನ ರಾಜಗಡ ತಾಲೂಕಿನ ಒಂದು ಸಣ್ಣ ಹಳ್ಳಿಗೆ ಬಂದೆ. 2022ರ ಡಿಸೆಂಬರ್ 18ರ ಗ್ರಾಮಪಂಚಾಯ್ತಿ ಚುನಾವಣೆಯಲ್ಲಿ ಮಹಿಳಾ ಸೀಟಿಗೆ ನಿಂತೆ. ನನ್ನ ಹಾಗೆ ಕರ್ನಾಟಕದಿಂದ ಈ ಕಡೆಗೆ ಸೊಸೆಯಾಗಿ ಬಂದ ಇಬ್ಬರು ಗೆಳತಿಯರು ಮುಂದಿನ ಸಲ ನಿಲ್ಲಬೇಕು ಅಂತಿದ್ದಾರೆ. "ಜನರ ಮುಂದೆ ಏನು ಇಡಬೇಕು ಅಕ್ಕಾ?" ಅಂತ ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಮ್ಮ ತಾಲೂಕಿನ ಸಂಗತಿ ಗೊತ್ತಿರಬೇಕು. ಪುಣೆ ನಗರ ಕುಡಿಯುವ ಪಾನ್‌ಶೇತ್, ವರಸಗಾಂವ್ ಅಣೆಕಟ್ಟುಗಳ ನೀರು ಇಲ್ಲೇ ನಿಲ್ಲುತ್ತದೆ. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ, ಅಷ್ಟು ಮಳೆ. ಆದರೆ ಕಪ್ಪು ಬಂಡೆಯ ಮೇಲೆ ಮಣ್ಣು ತೆಳ್ಳಗೆ, ಇಳಿಜಾರು ಜಾಸ್ತಿ, ಬಿದ್ದ ನೀರೆಲ್ಲ ಹರಿದು ಕೆಳಗೆ ಹೋಗುತ್ತದೆ, ಮಾರ್ಚ್ ಹೊತ್ತಿಗೆ ಗುಡ್ಡದ ಮೇಲಿನ ವಾಡಿಯ (ಸಣ್ಣ ಕೇರಿಯ) ಹೆಂಗಸರು ತಲೆಯ ಮೇಲೆ ಹಂಡೆ ಹೊತ್ತು ಕೆಳಗೆ ಇಳಿಯಲು ಶುರು ಮಾಡುತ್ತಾರೆ. ಅಣೆಕಟ್ಟಿನ ನೀರು ಕಣ್ಣಿಗೆ ಕಾಣುತ್ತದೆ, ಕೊಡಕ್ಕೆ ಬರುವುದಿಲ್ಲ. ಈ ಮಾತು ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ನಿಲ್ಲುತ್ತೇನೆ ಅಂತ ಆ ವರ್ಷದ ಬೇಸಿಗೆಯಲ್ಲೇ ತೀರ್ಮಾನಿಸಿದ್ದೆ. ಬಚತ್ ಗಟದ (ಹೆಂಗಸರ ಉಳಿತಾಯ ಸಂಘದ) ಮೀಟಿಂಗಿನಲ್ಲಿ "ಊರಿಗೆ ಏನು ಬೇಕು?" ಅಂತ ಕೇಳಿದೆ. ಮೊದಲು ಬಂದ ಉತ್ತರ, ಊರಿನ ಬಾಗಿಲಿಗೆ ಕಮಾನು. ಆಮೇಲೆ ದೇವಸ್ಥಾನದ ಮುಂದೆ ಸಭಾಮಂಟಪ. ನೀರಿನ ಮಾತು ಯಾರೂ ಎತ್ತಲಿಲ್ಲ. ಮೇಲಿನ ವಾಡಿಯವರು ಮೀಟಿಂಗಿಗೇ ಬಂದಿರಲಿಲ್ಲ, ಅವರು ನೀರಿಗೆ ಹೋಗಿದ್ದರು! ಅವತ್ತೇ ಗೊತ್ತಾಯಿತು, ಮೀಟಿಂಗಿನಲ್ಲಿ ಕೇಳಿ ಪಟ್ಟಿ ಮಾಡಿದರೆ ಬಿಡುವು ಇರುವವರ ಪಟ್ಟಿ ಸಿಗುತ್ತದೆ. ಹಾಗಾಗಿ ನಡೆದು ನೋಡಲು ಹೊರಟೆ. ನೋಟ್‌ಬುಕ್ಕು, ಪೆನ್ನು, ಹಿರಿಯ ಮಗಳು. ಮನೆಮನೆಗೆ ಹೋಗಿ ಎಷ್ಟು ಜನ, ನೀರಿಗೆ ಎಷ್ಟು ಹೊತ್ತು, ಆಸ್ಪತ್ರೆಗೆ ಕೊನೆಗೆ ಹೋದದ್ದು ಯಾವಾಗ, ಹೇಗೆ ಹೋದಿರಿ, ಇಷ್ಟೇ ಕೇಳಿದೆ.

ಊರಾಚೆ ಫಾರ್ಮ್‌ಹೌಸ್ ಕಟ್ಟುವ ಕಡೆ ಇಂಡಿ, ಅಫಜಲಪುರದಿಂದ ಬಂದ ಏಳೆಂಟು ಸಂಸಾರಗಳು ತಗಡಿನ ಶೆಡ್ಡಿನಲ್ಲಿದ್ದವು. ಅವರನ್ನೂ ಬರೆದುಕೊಂಡೆ. "ಓಟಿಲ್ಲದವರನ್ನು ಯಾಕೆ ಎಣಿಸ್ತೀರಾ ವಹಿನಿ?" ಅಂದ ಮೈದುನ. ಅವರೂ ಇದೇ ನೀರು ಕುಡಿಯುತ್ತಾರೆ, ಅವರ ಕೂಸುಗಳೂ ನಮ್ಮ ಅಂಗನವಾಡಿಗೇ ಲಸಿಕೆಗೆ ಬರುತ್ತವೆ, ಎಣಿಸದೆ ಹೇಗಿರಲಿ ಅಂತ ಕೇಳಿದೆ. ಅವನು ಸುಮ್ಮನಾದ.

ಅಲ್ಲಿ ಒಬ್ಬ ಮುದುಕಿ ಇದ್ದಳು. ನಾನು ಕನ್ನಡದಲ್ಲಿ "ಆಯಿ, ನೀರು ಎಲ್ಲಿಂದ ತರ್ತೀರಿ?" ಅಂತ ಕೇಳಿದ್ದಕ್ಕೇ ಅವಳ ಮುಖ ಅರಳಿತು. ಕೈ ಹಿಡಿದು ಕರೆದುಕೊಂಡು ಹೋದಳು. ವಾಡಿಯ ಮೇಲೆ ಕಾರೆ ಮುಳ್ಳಿನ ಪೊದೆಯ ಹಿಂದೆ ಬಂಡೆಯ ಸಂದಿನಲ್ಲಿ ನೀರು ಜಿನುಗುತ್ತಿತ್ತು. "ಬ್ಯಾಸಿಗ್ಯಾಗೂ ಈ ಒರತಿ ಬತ್ತಂಗಿಲ್ಲ ಯವ್ವಾ. ಒಂದ್ ಕೊಡಕ್ಕ ಹೊತ್ತು ಹಿಡೀತದ, ಆದ್ರ ಬರ್ತದ" ಅಂದಳು. ವಾಡಿಯವರಿಗೆ ಈ ಒರತೆ ಗೊತ್ತಿರಲಿಲ್ಲ ಅಂತಲ್ಲ. ಕೊಡ ತುಂಬುವುದು ತಡ ಅಂತ ಬಿಟ್ಟಿದ್ದರು.

ಮೇ ತಿಂಗಳ ಕೊನೆಯ ವಾರ, ನೀರು ಅತಿ ಕಮ್ಮಿ ಇರುವ ಹೊತ್ತಿನಲ್ಲಿ, 15 ಲೀಟರಿನ ಬಕೆಟ್ ಮತ್ತು ಗಡಿಯಾರ ತಗೊಂಡು ಮತ್ತೆ ಹೋದೆ. ಬಕೆಟ್ ತುಂಬಲು 3 ನಿಮಿಷ. ಅಂದರೆ ನಿಮಿಷಕ್ಕೆ 5 ಲೀಟರ್, ದಿನಕ್ಕೆ 7,200. ಜಲಜೀವನ ಮಿಷನ್ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಬೇಕು. ವಾಡಿಯಲ್ಲಿ 118 ಜನ, 6,490 ಲೀಟರ್. ನೀರು ಸಾಕು! ಆದರೆ ರಾತ್ರಿ ಎಂಟರಿಂದ ಬೆಳಗಿನ ಐದರವರೆಗೆ ಬಂದ 2,700 ಲೀಟರ್ ಸುಮ್ನೆ ಮಣ್ಣಿಗೆ ಹೋಗುತ್ತಿತ್ತು. ಎಲ್ಲರೂ ಬೋರ್‌ವೆಲ್ ಬೋರ್‌ವೆಲ್ ಅನ್ನುತ್ತಿದ್ದರು. ಈ ಬಂಡೆಯಲ್ಲಿ ಬಿರುಕು ಸಿಕ್ಕರೆ ಮಾತ್ರ ನೀರು, ಸಿಗದಿದ್ದರೆ ದುಡ್ಡು ಹೋಯಿತು. ನಮಗೆ ಬೇಕಿದ್ದದ್ದು ಒರತೆಗೆ ಒಂದು ಕಟ್ಟೆ, ಕೆಳಗೆ 5,000 ಲೀಟರಿನ ಟಾಕಿ, ನಡುವೆ ಪೈಪು. ಇಳಿಜಾರಿನಲ್ಲಿ ಮೋಟಾರೂ ಬೇಡ, ಕರೆಂಟ್ ಬಿಲ್ಲೂ ಇಲ್ಲ. ಪಟ್ಟಿಯ ಮೊದಲ ಸಾಲು ಇದೇ ಆಯಿತು.

ಆಮೇಲೆ ಗ್ರಾಮಸೇವಕರ (ಪಂಚಾಯ್ತಿ ಕಾರ್ಯದರ್ಶಿಯ) ಹತ್ತಿರ ಕೂತು ದುಡ್ಡಿನ ಲೆಕ್ಕ ಕೇಳಿದೆ. ನಿಲ್ಲುವವರು ಇದನ್ನು ತಪ್ಪದೆ ಮಾಡಬೇಕು. ಆಗ 15ನೇ ಹಣಕಾಸು ಆಯೋಗದಿಂದ ಪಂಚಾಯ್ತಿಗೆ ಬರುತ್ತಿದ್ದ ದುಡ್ಡಿನಲ್ಲಿ ನೂರಕ್ಕೆ 60 ರೂಪಾಯಿ ಇಂಥದ್ದಕ್ಕೇ ಅಂತ ಕಟ್ಟಿಟ್ಟ ದುಡ್ಡಾಗಿತ್ತು, 30 ನೀರಿಗೆ, 30 ಸ್ವಚ್ಛತೆಗೆ. ಉಳಿದ 40 ಮಾತ್ರ ಊರಿನ ಬೇರೆ ಅಗತ್ಯಕ್ಕೆ. ಅಂದರೆ ಟಾಕಿಗೆ ದುಡ್ಡು ಇದ್ದೇ ಇತ್ತು, ಅದನ್ನು ಕಮಾನಿಗೆ ತಿರುಗಿಸಲು ಆಗುತ್ತಲೇ ಇರಲಿಲ್ಲ. ಕಮಾನು ಕೇಳಿದ ಹಿರಿಯರಿಗೆ ಇದನ್ನು ಕಾಗದದ ಮೇಲೆ ತೋರಿಸಿದ ಮೇಲೆ ಅರ್ಧ ಜಗಳ ನಿಂತಿತು.

ಇನ್ನರ್ಧ ಆ 40ರ ಮೇಲೆ. ವಾಡಿಯಿಂದ ಕೆಳಗಿನ ಡಾಂಬರು ರಸ್ತೆಗೆ ಬರುವ ಕಾಲುದಾರಿಯಲ್ಲಿ ಒಂದು ಹಳ್ಳ ಅಡ್ಡ ಇದೆ. ಮಳೆಗಾಲದಲ್ಲಿ ಬಸುರಿಯರನ್ನು ಕಂಬಳಿಯ ಝೋಳಿಯಲ್ಲಿ ಹಾಕಿ ನಾಲ್ಕು ಜನ ಹೊತ್ತು ದಾಟಿಸುತ್ತಾರೆ. ನನ್ನ ನೋಟ್‌ಬುಕ್ಕಿನಲ್ಲಿ ಅಂಥ ಐದು ಮನೆ ಇದ್ದವು, ಅದರಲ್ಲಿ ಒಂದು ಮನೆಯ ಕೂಸು ಉಳಿಯಲಿಲ್ಲ. ಆ ತಾಯಿಯ ಎದುರು ಕೂತು ಬಂದ ಮೇಲೆ ಕಮಾನಿಗೆ ಹೂಂ ಅನ್ನಲು ನನ್ನಿಂದ ಆಗಲಿಲ್ಲ. ಹಾಗಂತ ರಸ್ತೆ ಮಾಡಿಸುತ್ತೇನೆ ಅಂತಲೂ ಹೇಳಲಿಲ್ಲ, ಗುಡ್ಡದ ರಸ್ತೆ ಮಾಡಿಸುವಷ್ಟು ದುಡ್ಡು ನಮ್ಮ ಪಂಚಾಯ್ತಿಯಲ್ಲಿಲ್ಲ. ಪಟ್ಟಿಯ ಎರಡನೇ ಸಾಲು ಇಷ್ಟೇ: ಹಳ್ಳಕ್ಕೆ ಕಾಲುಸೇತುವೆ, ಎರಡೂ ಕಡೆ ಮೆಟ್ಟಿಲು, ಕೈಹಿಡಿ. ಜೊತೆಗೆ ಆಶಾ ಕಾರ್ಯಕರ್ತೆಯ ಹತ್ತಿರ ಬಸುರಿಯರ ತಾರೀಖಿನ ಪಟ್ಟಿ ಇಟ್ಟು, ಮಳೆಗಾಲದಲ್ಲಿ ವಾರ ಮುಂಚೆಯೇ ಅವರನ್ನು ಕೆಳಗಿನ ನೆಂಟರ ಮನೆಗೆ ಇಳಿಸುವುದು. ಇದಕ್ಕೆ ದುಡ್ಡೇ ಬೇಡ, ಅಲ್ವಾ?

ಮೂರನೆಯದು ಮುಕ್ಕಾಂ ಬಸ್ಸು. ರಾತ್ರಿ ಊರಲ್ಲೇ ನಿಂತು ಬೆಳಿಗ್ಗೆ ಹೊರಡುವ ಎಸ್‌ಟಿ, ಅಂದರೆ ಮಹಾರಾಷ್ಟ್ರದ ಸರಕಾರಿ ಬಸ್ಸು. 2021ರ ಕೊನೆಗೆ ಶುರುವಾದ ಎಸ್‌ಟಿ ಮುಷ್ಕರದಲ್ಲಿ ನಿಂತದ್ದು, ಮುಷ್ಕರ ಮುಗಿದರೂ ಮರಳಿ ಬರಲಿಲ್ಲ. ಓದುವ ಹೆಣ್ಣುಮಕ್ಕಳಿಗೆ 12ನೇ ತರಗತಿವರೆಗೆ ಪಾಸ್ ಉಚಿತ, ಆದರೆ ಬಸ್ಸೇ ಇಲ್ಲದಿದ್ದರೆ ಪಾಸ್ ತಗೊಂಡು ಏನು ಮಾಡುವುದು? ಬಸ್ಸು ಪಂಚಾಯ್ತಿಯ ಕೈಯಲ್ಲಿಲ್ಲ. "ಪಂಚಾಯ್ತಿಯಲ್ಲಿ ಠರಾವು (ನಿರ್ಣಯ) ಮಾಡಿಸಿ ಡಿಪೋಗೆ ಹೋಗುತ್ತಲೇ ಇರುತ್ತೇನೆ, ಬಸ್ಸು ತರ್ತೀನಿ ಅಂತ ಮಾತು ಕೊಡಲ್ಲ" ಅಂತ ಮನೆಮನೆಗೂ ಹೇಳಿದೆ. ನನ್ನ ಜೊತೆ ಗುಂಪಾಗಿ ನಿಂತ ಪ್ಯಾನೆಲ್‌ನವರಿಗೆ ಈ ಮಾತು ಹಿಡಿಸಲಿಲ್ಲ. ಎದುರಿನವರು ಬಸ್ಸು, ರಸ್ತೆ, ಕಮಾನು ಎಲ್ಲಾ ಹೇಳುತ್ತಿದ್ದರು.

ಪ್ರಚಾರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. 7 ಸದಸ್ಯರ ಪಂಚಾಯ್ತಿಯಲ್ಲಿ ಸದಸ್ಯ ಸ್ಥಾನಕ್ಕೆ ಆಗ ಖರ್ಚಿನ ಮಿತಿ 25,000 ರೂಪಾಯಿ ಇತ್ತು, ನನಗೆ ಅಷ್ಟೂ ಬೇಕಾಗಲಿಲ್ಲ. ಒಂದೇ ಹಾಳೆ ಹಂಚಿದೆ. ಒಂದು ಬದಿಗೆ ಮೂರು ಕೆಲಸ, ಇನ್ನೊಂದು ಬದಿಗೆ ಬಕೆಟಿನ ಲೆಕ್ಕ. 20ನೇ ತಾರೀಖು ಎಣಿಕೆ ಆಯಿತು, 14 ಓಟಿನಿಂದ ಗೆದ್ದೆ.

ಒಂದು ತಪ್ಪು ಮಾಡಿದ್ದೆ, ಅದನ್ನು ಬಿಚ್ಚಿ ಹೇಳಬೇಕು. ನೀರು ಅಳೆದೆ, ಜನ ಎಣಿಸಿದೆ, ದುಡ್ಡು ನೋಡಿದೆ, ಜಾಗ ಯಾರದ್ದು ಅಂತ ನೋಡಲಿಲ್ಲ. ನಮ್ಮ ಕಡೆ ಪಹಣಿ ಅನ್ನುತ್ತೇವಲ್ಲ, ಇಲ್ಲಿ ಸಾತ್‌ಬಾರಾ, ಅದನ್ನು ತೆಗೆಸಿದಾಗ ಒರತೆಯ ಜಾಗದ ಮೇಲೆ ಒಂಬತ್ತು ಹೆಸರು. ನಾಲ್ವರು ಮುಂಬೈಯಲ್ಲಿ ಮಾಥಾಡಿ (ಹಮಾಲಿ) ಕೆಲಸದಲ್ಲಿ, ಒಬ್ಬರು ತೀರಿಹೋಗಿದ್ದರು, ಅವರ ಮಕ್ಕಳ ಹೆಸರು ಇನ್ನೂ ಏರಿರಲಿಲ್ಲ. ಒಪ್ಪಿಗೆ ಪತ್ರಕ್ಕೆ ಎಲ್ಲರ ಸಹಿ ಬೇಕು. ಎರಡು ಸಲ ಮುಂಬೈಗೆ ಹೋದೆ, ಗಣಪತಿ ಹಬ್ಬಕ್ಕೆ ಊರಿಗೆ ಬಂದವರನ್ನು ಮನೆಗೆ ಹೋಗಿ ಕಂಡೆ. ಒಂದು ಇಡೀ ಬೇಸಿಗೆ ಇದರಲ್ಲೇ ಕಳೆಯಿತು, ಆ ಬೇಸಿಗೆಯೂ ವಾಡಿಯ ಹೆಂಗಸರು ಹಂಡೆ ಹೊತ್ತರು. ನೀವು ನಿಲ್ಲುವವರಾದರೆ ಹಾಳೆ ಅಚ್ಚು ಹಾಕಿಸುವ ಮುಂಚೆಯೇ ಸಾತ್‌ಬಾರಾ ನೋಡಿ.

ಟಾಕಿ 2024ರ ಮಾರ್ಚ್‌ನಲ್ಲಿ ತುಂಬಿತು. ಶೆಡ್ಡಿನವರು ಅಷ್ಟರಲ್ಲಿ ಬೇರೆ ಸೈಟಿಗೆ ಹೋಗಿದ್ದರು. ಒರತೆ ತೋರಿಸಿದ ಆ ಮುದುಕಿಯ ಮಗನ ನಂಬರಿಗೆ ಫೋನ್ ಮಾಡಿ ಹೇಳಿದೆ. ಆಯಿ ಕೇಳಿದ್ದು ಒಂದೇ ಮಾತು: "ಮುಚ್ಚಳ ಹಾಕ್ಸೀಯೇನ ಯವ್ವಾ? ಕಪ್ಪಿ ಬೀಳ್ತಾವ." ಹಾಕಿಸಿರಲಿಲ್ಲ. ಆ ವಾರವೇ ಹಾಕಿಸಿದೆ.

ಕಾಲುಸೇತುವೆ ಆಗಿದೆ, ಒಂದು ಕಡೆಯ ಕೈಹಿಡಿ ಬಾಕಿ. ಮುಕ್ಕಾಂ ಬಸ್ಸು ಬಂದಿಲ್ಲ. ಮೂರು ಠರಾವು ಕೊಟ್ಟಾಗಿದೆ, ನಾಲ್ಕನೆಯದರ ಜೊತೆಗೆ ಕಾಲೇಜಿಗೆ ಹೋಗುವ ಹುಡುಗಿಯರ ಹೆಸರು, ದಿನಕ್ಕೆ ಎಷ್ಟು ಕಿಲೋಮೀಟರ್ ನಡೆಯುತ್ತಾರೆ ಅನ್ನುವುದನ್ನು ನನ್ನ ಮಗಳೇ ಬರೆಯುತ್ತಿದ್ದಾಳೆ.