ಜರ್ಮನಿಯ ಸರ್ಕಾರಿ ಪತ್ರ ಮತ್ತು ಅದರ ಕೊನೆಯ ಪ್ಯಾರಾ

ಜರ್ಮನಿಗೆ ಬಂದ ಕನ್ನಡಿಗರಿಗೆ ಇಲ್ಲಿನ ಆಡಳಿತದ ಪರಿಚಯ ಬಹುಮಟ್ಟಿಗೆ ಅಂಚೆಪೆಟ್ಟಿಗೆಯ ಮೂಲಕವೇ ಆಗುತ್ತದೆ. ಹೊಸ ಮನೆ ಸೇರಿದ ಎರಡು ವಾರಗಳೊಳಗೆ ವಿಳಾಸ ನೋಂದಾಯಿಸಬೇಕು. ಆಮೇಲೆ ತೆರಿಗೆ ಸಂಖ್ಯೆಯಿಂದ ಮಕ್ಕಳ ಭತ್ಯೆಯವರೆಗೆ ಒಂದೊಂದಾಗಿ ಕಾಗದಗಳು ಬರತೊಡಗುತ್ತವೆ. ನಮ್ಮ ಕರ್ತವ್ಯಗಳನ್ನು ಹೇಳುವ ಆ ಕಾಗದಗಳಲ್ಲೇ ಸರ್ಕಾರದ ಕರ್ತವ್ಯವೂ ಬರೆದಿರುತ್ತದೆ ಎಂಬುದನ್ನು ನಮ್ಮವರು ಹೆಚ್ಚಾಗಿ ಗಮನಿಸುವುದಿಲ್ಲ.

1949ರ ಮೇ 23ರಂದು ಘೋಷಿತವಾದ ಇಲ್ಲಿನ ಸಂವಿಧಾನ, ಅಂದರೆ ‘ಗ್ರುಂಡ್‌ಗೆಸೆಟ್ಸ್’, ನಾಜಿ ಆಳ್ವಿಕೆಯ ನೆನಪು ಇನ್ನೂ ಹಸಿಯಾಗಿದ್ದಾಗ ರಚಿತವಾದದ್ದು. ಆದ್ದರಿಂದಲೇ ಮನುಷ್ಯನ ಘನತೆಗೆ ಯಾರೂ ಕೈಹಚ್ಚುವಂತಿಲ್ಲ, ಅದನ್ನು ಗೌರವಿಸಿ ಕಾಪಾಡುವುದು ಸಮಸ್ತ ಪ್ರಭುತ್ವದ ಹೊಣೆ ಎಂದು ಅದರ ಮೊದಲ ವಿಧಿಯೇ ಸಾರುತ್ತದೆ. ಅಲ್ಲಿರುವುದು ‘ಮನುಷ್ಯ’ ಎಂಬ ಪದ, ‘ಜರ್ಮನ್’ ಎಂದಲ್ಲ. ವಲಸೆ ನೀತಿಯ ನೆಪದಲ್ಲಿ ಈ ಘನತೆಯನ್ನು ತಗ್ಗಿಸಲಾಗದು ಎಂದು ಕಾರ್ಲ್ಸ್‌ರೂಹೆಯ ಸಂವಿಧಾನ ನ್ಯಾಯಾಲಯ 2012ರಲ್ಲಿ, ಆಶ್ರಯ ಕೋರಿ ಬಂದವರ ಭತ್ಯೆಯ ಪ್ರಕರಣದಲ್ಲಿ, ತೀರ್ಪಿತ್ತಿತು. ಸಭೆ ಸೇರುವುದು, ವೃತ್ತಿ ಆಯ್ದುಕೊಳ್ಳುವುದು ಮುಂತಾದ ಕೆಲವು ಹಕ್ಕುಗಳನ್ನು ಮಾತ್ರ ಸಂವಿಧಾನ ಜರ್ಮನ್ ಪ್ರಜೆಗಳ ಹೆಸರಿನಲ್ಲೇ ಬರೆದಿದೆ. ನಮ್ಮ ಸಂವಿಧಾನದ 19ನೆಯ ವಿಧಿಯೂ ಭಾರತದ ಪ್ರಜೆಗಳಿಗಷ್ಟೇ ಅಲ್ಲವೇ? ಜರ್ಮನ್ ಸಂವಿಧಾನದ ಮೊದಲ ವಿಧಿಯ ತತ್ವವನ್ನು ಅಲ್ಲಿನ ಸಂಸತ್ತು ಎಷ್ಟೇ ಬಹುಮತವಿದ್ದರೂ ಅಳಿಸುವಂತಿಲ್ಲವೆಂದು ಅದರ 79ನೆಯ ವಿಧಿ ಕಟ್ಟುಹಾಕಿದೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿಯವರ ಹೆಸರಿನ, ನಮ್ಮ ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಿಸುವಂತಿಲ್ಲವೆಂದ 1973ರ ಪ್ರಕರಣವನ್ನು ಬಲ್ಲವರಿಗೆ ಈ ತರ್ಕ ಹೊಸದೆನಿಸದು.

ಇನ್ನು ಪತ್ರದ ವಿಷಯ. ಅರ್ಜಿಯನ್ನು ತಿರಸ್ಕರಿಸುವ ಕಚೇರಿ ತನ್ನ ಲಿಖಿತ ಆದೇಶದಲ್ಲಿ, ಅಂದರೆ ‘ಬೆಶೈಡ್’ನಲ್ಲಿ, ಸಾಮಾನ್ಯವಾಗಿ ಕಾರಣ ಕೊಡಲೇಬೇಕು. ಅದನ್ನು ಯಾರ ಮುಂದೆ, ಎಷ್ಟು ದಿನಗಳೊಳಗೆ ಪ್ರಶ್ನಿಸಬಹುದೆಂದು ಕೊನೆಯ ಪ್ಯಾರಾ ತಿಳಿಸುತ್ತದೆ. ಅವಧಿ ಸಾಮಾನ್ಯವಾಗಿ ಒಂದು ತಿಂಗಳು. ಆ ಸೂಚನೆಯೇ ಇಲ್ಲದಿದ್ದರೆ ಅಥವಾ ತಪ್ಪಾಗಿದ್ದರೆ ಒಂದು ವರ್ಷ. ಆಕ್ಷೇಪಣೆಗೆ ‘ವೀಡರ್‌ಶ್ಪ್ರುಖ್’ ಎಂದು ಹೆಸರು. ಬವೇರಿಯಾದಂಥ ಕೆಲವು ರಾಜ್ಯಗಳಲ್ಲಿ ಅನೇಕ ವಿಷಯಗಳಿಗೆ ಈ ಹಂತವೇ ಇಲ್ಲದೆ ನೇರವಾಗಿ ನ್ಯಾಯಾಲಯಕ್ಕೆ ಹೋಗಬೇಕಾಗುವುದರಿಂದ, ಸ್ನೇಹಿತರ ಅನುಭವಕ್ಕಿಂತ ಕೈಯಲ್ಲಿರುವ ಪತ್ರವನ್ನೇ ನಂಬುವುದು ಲೇಸು. ಆಕ್ಷೇಪಣೆ ಸಹಿ ಮಾಡಿದ ಕಾಗದದಲ್ಲಿರಲಿ; ಸಾಧಾರಣ ಇಮೇಲ್ ಸಾಲದು.

ಅಧಿಕಾರಿಯನ್ನು ಎದುರುಹಾಕಿಕೊಂಡರೆ ವೀಸಾಕ್ಕೆ ತೊಂದರೆಯಾದೀತೆಂಬ ಅಳುಕು ನಮ್ಮಲ್ಲಿ ಬೇರೂರಿದೆ. ಇಲ್ಲಿ ಆಕ್ಷೇಪಣೆಯೆಂದರೆ ಜಗಳವಲ್ಲ, ಕಡತದ ಮತ್ತೊಂದು ಹಾಳೆ. ಆದರೆ ವಾಸದ ಪರವಾನಗಿ ನಿರಾಕರಣೆಯಾದಾಗ, ಆಕ್ಷೇಪಿಸಿದ ಮಾತ್ರಕ್ಕೆ ಆದೇಶಕ್ಕೆ ತಡೆ ಬೀಳುವುದಿಲ್ಲ. ತಡೆಗೆ ಆಡಳಿತ ನ್ಯಾಯಾಲಯದಲ್ಲಿ ಪ್ರತ್ಯೇಕ ಅರ್ಜಿ ಹಾಕಬೇಕಾಗುತ್ತದೆ. ಈ ಒಂದು ಸಂದರ್ಭದಲ್ಲಿ ಪತ್ರ ಕೈಸೇರಿದ ವಾರದಲ್ಲೇ ವಕೀಲರನ್ನು ಕಾಣುವುದು ಒಳ್ಳೆಯದು.