ನೋವಿನ ಮಾತ್ರೆ: ಗಡಿಯಾರ ನೋಡಿ ಕೊಡಿ

ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆಹುಳುವಿಗೆ ಸೊಪ್ಪು ಹಾಕುವ ಹೊತ್ತನ್ನು ಯಾರೂ ತಪ್ಪಿಸುವುದಿಲ್ಲ. ಅದೇ ಮನೆಯಲ್ಲಿ ಕ್ಯಾನ್ಸರ್ ಬಂದು ಮಲಗಿದ ಅಜ್ಜಿಗೆ ಮಾತ್ರೆ ಸಿಗುವುದು ನರಳಿದ ಮೇಲೆ!

ಹಂತ 1: ಕೇಳಿ. “ನೋವಿದೆಯಾ?” ಎಂದರೆ “ಏನಿಲ್ಲ ಬಿಡಪ್ಪ” ಅಂತಲೇ ಅನ್ನುತ್ತಾರೆ. ಹತ್ತಕ್ಕೆ ಎಷ್ಟು ಎಂಬ ಆಸ್ಪತ್ರೆಯ ಲೆಕ್ಕ ಹಳಬರಿಗೆ ಒಗ್ಗುವುದಿಲ್ಲ. “ನಿನ್ನೆಗಿಂತ ರೂಪಾಯಿಗೆ ಎಷ್ಟಾಣೆ ಕಮ್ಮಿ?” ಎನ್ನಿ, ಥಟ್ಟನೆ ಹೇಳುತ್ತಾರೆ. ಮನೆಮಾತು ತೆಲುಗಾದರೆ ತೆಲುಗಿನಲ್ಲೇ ಕೇಳಿ. ಮಾತು ನಿಂತವರಾದರೆ ಮಗ್ಗುಲು ಬದಲಿಸುವಾಗ ಮುಖ ಕಿವುಚುತ್ತಾರಾ ನೋಡಿ.

ಹಂತ 2: ಡಾಕ್ಟರ ಹತ್ತಿರ ಬರೆಸಿ. ಮೆಡಿಕಲ್ ಸ್ಟೋರಿನಲ್ಲಿ ಪೊಟ್ಟಣ ಕಟ್ಟಿ ಕೊಡುವ ಬಣ್ಣಬಣ್ಣದ ಮಾತ್ರೆ ಬೇಡವೇ ಬೇಡ. ಅವುಗಳಲ್ಲಿ ಇರಬಹುದಾದ ಡೈಕ್ಲೋಫೆನಾಕ್‌ನಂಥ ನೋವಿನ ಮದ್ದುಗಳು ವಯಸ್ಸಾದವರ ಕಿಡ್ನಿ ಕೆಡಿಸಬಹುದು, ಹೊಟ್ಟೆಯಲ್ಲಿ ರಕ್ತಸ್ರಾವ ತರಬಹುದು.

ಹಂತ 3: ಹೊತ್ತಿಗೆ ಕೊಡಿ. ಎಡವುವುದು ಇಲ್ಲೇ. ಕ್ಯಾನ್ಸರ್ ನೋವಿಗೆ ಗಡಿಯಾರ ನೋಡಿ ಔಷಧ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದೆ. ಜೋರು ನೋವಿಗೆ ಡಾಕ್ಟರು ಬರೆಯುವ ಬಲವಾದ ಮದ್ದು ಮಾರ್ಫಿನ್; ಅದರ ಸಾದಾ ಮಾತ್ರೆಯ ಬಲ ಸುಮಾರು 4 ಗಂಟೆ. ಅದು ಇಳಿಯುವ ಮೊದಲೇ ಮುಂದಿನದು ಹೊಟ್ಟೆ ಸೇರಬೇಕು. ನೋವು ಏರಿದ ಮೇಲೆ ಕೊಟ್ಟರೆ ಅರ್ಧ ಗಂಟೆ ಒದ್ದಾಟ, ಮೇಲೆ ಹೆಚ್ಚಿನ ಮದ್ದು. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಎಂದು ಬರೆದುಕೊಟ್ಟಿದ್ದರೆ, ಎರಡು 6 ಗಂಟೆಗಳನ್ನು ಡೈರಿಗೆ ಹಾಲು ಹಾಕುವ ಹೊತ್ತಿಗೆ ಹೊಂದಿಸಿ, ಮರೆಯುವುದಿಲ್ಲ. ಕೊಟ್ಟದ್ದನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕಿ. ಮೊಬೈಲಿನಲ್ಲಿ ಬರೆದರೆ ಸೊಸೆ ಕೊಟ್ಟದ್ದು ಮಗನಿಗೆ ತಿಳಿಯದೆ ಎರಡು ಸಲ ಕೊಟ್ಟುಬಿಡುತ್ತಾರೆ. ನಡುವೆ ನೋವು ಒತ್ತಿ ಬಂದರೆ ಏನು ಕೊಡಬೇಕೆಂದು ಮೊದಲೇ ಕೇಳಿಟ್ಟುಕೊಳ್ಳಿ. ಮದ್ದನ್ನು ನಿಧಾನವಾಗಿ ಬಿಡುವ ಮಾತ್ರೆಯಾದರೆ ಪುಡಿ ಮಾಡಬೇಡಿ, ಹಲವು ಗಂಟೆಗಳ ಮದ್ದು ಒಮ್ಮೆಲೇ ಏರುತ್ತದೆ.

“ಚಟ ಹತ್ತಿಬಿಡುತ್ತೆ” ಎಂದು ಹೆದರಿಸುವ ನೆಂಟರು ಬರುತ್ತಾರೆ. ಕಾಫಿ ಕೊಟ್ಟು ಕಳಿಸಿ. ವೈದ್ಯರ ಕಣ್ಗಾವಲಿನಲ್ಲಿ ನೋವಿಗೆಂದು ಕೊಟ್ಟದ್ದು ಚಟವಾಗುವುದು ಅಪರೂಪ. ಆದರೆ ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ ಮುಂದಿನ ಮಾತ್ರೆ ಕೊಡದೆ ಆಸ್ಪತ್ರೆಗೆ ಓಡಿ. ಇಂಥ ತೊಂದರೆ ಇಲ್ಲದಾಗ ಡಾಕ್ಟರನ್ನು ಕೇಳದೆ ತಟ್ಟನೆ ನಿಲ್ಲಿಸುವುದೂ ತಪ್ಪು.

ಮಾರ್ಫಿನ್ ಎಲ್ಲ ಅಂಗಡಿಯಲ್ಲಿ ಸಿಗದು. ಮಾದಕ ವಸ್ತು ಕಾನೂನಿನ 2014ರ ತಿದ್ದುಪಡಿಯ ನಂತರ ಮಾನ್ಯತೆ ಪಡೆದ ಆಸ್ಪತ್ರೆಗಳು ಇಟ್ಟುಕೊಳ್ಳಬಹುದು. ಬಸ್ಸು ಹತ್ತುವ ಮೊದಲು ಫೋನ್ ಮಾಡಿ ಕೇಳಿ.

ಹಂತ 4: ಮಲಬದ್ಧತೆ. ಮಾರ್ಫಿನ್ ಮಲ ಕಟ್ಟಿಸುತ್ತದೆ, ಅದು ಶುರುವಾದ ದಿನವೇ ಇದಕ್ಕೂ ಔಷಧ ಬರೆಸಿಕೊಳ್ಳಿ. ಬಾಳೆಹಣ್ಣಿನಿಂದ ಆಗುವ ಕೆಲಸವಲ್ಲ.