ಬಚ್ಚಲೊಲೆಗೆ ಬೆಂಕಿ ಹಾಕುವ ಮೊದಲು

ಗುಡುಗಿದ ದಿನ ಸಂಜೆ ಬಚ್ಚಲೊಲೆಗೆ ಬೆಂಕಿ ಹಾಕುವ ಮೊದಲು ಒಂದು ಕೋಲನ್ನು ಒಲೆಯೊಳಗೆ ಆಡಿಸಿ. ಆಮೇಲೆ ಬಗ್ಗಿ ನೋಡಿ. ಬೆಕ್ಕು ಸಾಕಿದ ಮನೆಯವರಿಗೆ ನಾನು ಮೊದಲು ಹೇಳುವ ಮಾತು ಇದು. ಬೂದಿ ಬೆಚ್ಚಗಿರುತ್ತದೆ, ಒಳಗೆ ಕತ್ತಲೆ, ಮೂರು ಕಡೆ ಗೋಡೆ. ಸಿಡಿಲಿಗೆ ಹೆದರಿದ ಬೆಕ್ಕಿಗೆ ಅದಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲಿದೆ? ಒಂದು ವರ್ಷ ನಾನು ನೋಡದೆ ದರಕು, ಅಂದರೆ ಒಣಗಿದ ಎಲೆ, ತುರುಕಿ ಕಡ್ಡಿ ಗೀರಿದೆ. ಮರಿಯೊಂದು ಮೀಸೆ ಸುಟ್ಟುಕೊಂಡು ಹಾರಿ ಬಂತು. ಜೀವಕ್ಕೆ ಏನೂ ಆಗಲಿಲ್ಲ. ಆದರೆ ಆ ಕೂಗು ಇನ್ನೂ ನನ್ನ ಕಿವಿಯಲ್ಲಿದೆ.

ನಮ್ಮದು ತೀರ್ಥಹಳ್ಳಿ ಕಡೆಯ ಒಂಟಿ ಮನೆ. ಮುಂದೆ ಅಡಿಕೆ ತೋಟ, ಹಿಂದೆ ಗುಡ್ಡ. ಕಡಿಯುವ ಕೈ ಕಡಿಮೆಯಾದ ಮೇಲೆ ಹಿತ್ತಲು ಪೂರಾ ಬೆಳೆದು ನಿಂತಿದೆ. ಈಗ ಮನೆಯಲ್ಲಿ ಐದು ಬೆಕ್ಕು. ಏಪ್ರಿಲ್ ಮಧ್ಯಕ್ಕೆ ಅಶ್ವಿನಿ ಮಳೆನಕ್ಷತ್ರ ಹುಟ್ಟಿತು ಅಂದರೆ ಭರಣಿ, ಕೃತ್ತಿಕೆ ಕಳೆದು ರೋಹಿಣಿ ಬರುವವರೆಗೆ ಯಾವ ಮಧ್ಯಾಹ್ನ ಏನಾಗುತ್ತದೋ ಹೇಳಲು ಬರುವುದಿಲ್ಲ. ಬೆಳಗ್ಗೆ ವಿಪರೀತ ಸೆಕೆ, ಒಂದು ಎಲೆ ಅಲ್ಲಾಡುವುದಿಲ್ಲ. ಮೂರು ಗಂಟೆ ಆಗುವಾಗ ಮೋಡ ಏರುತ್ತದೆ. ಮೊದಲು ಗಾಳಿ, ಆಮೇಲೆ ಸಿಡಿಲು, ಕೊನೆಗೆ ಮಳೆ. ಹಾಗಾಗಿ ಹಲಸಿನ ಹಪ್ಪಳ ಹಚ್ಚುವುದಿದ್ದರೆ ಬೆಳಗ್ಗೆ ಎಂಟರೊಳಗೆ ಚಾಪೆಯ ಮೇಲಿರಲಿ, ಎರಡು ಗಂಟೆಗೆಲ್ಲ ಒಳಗೆ ಬರಲಿ. ಮೇಲೆ ತೆಳು ಬಟ್ಟೆ ಹೊದಿಸಿ. ಬಿಸಿಲಿಗೆ ಕಾದ ಚಾಪೆ ಕಂಡರೆ ಬೆಕ್ಕು ಬಿಡುವುದಿಲ್ಲ. ಮೊಬೈಲ್ ಚಾರ್ಜು, ಹಂಡೆಗೆ ನೀರು ತುಂಬುವುದು, ಎರಡೂ ಊಟಕ್ಕೆ ಮುಂಚೆಯೇ ಮುಗಿಯಲಿ. ಕರೆಂಟ್ ಹೋದರೆ ನಮ್ಮಲ್ಲಿ ಎರಡು ದಿನ ಬಾರದಿರುವುದೂ ಉಂಟು.

ಅಡಗಿದ ಬೆಕ್ಕನ್ನು ಹಿಡಿದೆಳೆಯಬೇಡಿ. ಸಮಾಧಾನ ಮಾಡುತ್ತೇವೆ ಅಂತ ಎತ್ತಿಕೊಳ್ಳುವ ಮಕ್ಕಳೇ ಜಾಸ್ತಿ ಪರಚಿಸಿಕೊಳ್ಳುವುದು. ಅದಕ್ಕೆ ಬೇಕಿರುವುದು ಒಂದು ಮೂಲೆ, ಅಷ್ಟೆ. ಅಶ್ವಿನಿಗೆ ಮುಂಚೆಯೇ ಅಟ್ಟದ ಮೆಟ್ಟಿಲ ಕೆಳಗೆ ಹಳೇ ಬುಟ್ಟಿ ಇಡಿ. ನೀವು ಉಟ್ಟು ಮೆತ್ತಗಾದ ಹತ್ತಿ ಸೀರೆಯನ್ನು ಒಗೆಯದೆ ಅದರೊಳಗೆ ಹಾಸಿ. ನಿಮ್ಮ ವಾಸನೆ ಇದ್ದರೆ ಅದು ಬೇಗ ಒಗ್ಗಿಕೊಳ್ಳುತ್ತದೆ. ಬೇಸಿಗೆ ಮರಿ ಹಾಕುವ ಕಾಲವೂ ಹೌದು. ತಾಯಿ ಬೆಕ್ಕು ಸೌದೆ ಕೊಟ್ಟಿಗೆಯಿಂದ ಮರಿಗಳನ್ನು ಕಚ್ಚಿಕೊಂಡು ಒಳಗೆ ತರಲು ಶುರು ಮಾಡಿದರೆ ತಡೆಯಬೇಡಿ. ನಮ್ಮ ಚುಕ್ಕಿ ಹೀಗೆ ಮೂರು ಮರಿ ಸಾಗಿಸಿದ ರಾತ್ರಿಯೇ ಕೊಟ್ಟಿಗೆಯ ಅರ್ಧ ಹೆಂಚು ಹಾರಿಹೋಯಿತು. ಅದಕ್ಕೆ ಹೇಗೆ ಗೊತ್ತಾಯಿತೋ, ನಾನಂತೂ ಅವತ್ತಿಂದ ತಾಯಿ ಬೆಕ್ಕಿನ ದಾರಿಗೆ ಅಡ್ಡ ನಿಲ್ಲುವುದಿಲ್ಲ.

ಇನ್ನು ಸಿಡಿಲಿನ ವಿಷಯ. ಮಿಂಚು ಕಂಡ ಕೂಡಲೇ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಅಂತ ಲೆಕ್ಕ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿತು ಅಂದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೇ ಇದೆ. ಆಗ ತೋಟದಲ್ಲಿದ್ದರೆ ಮನೆಗೆ ಬನ್ನಿ, ಅಡಿಕೆ ಮರದ ಬುಡದಲ್ಲಿ ನಿಲ್ಲಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಅಂಗಳಕ್ಕೆ ಇಳಿಯಬೇಡಿ, ಒಂದು ಮರಿ ಹೊರಗೆ ಉಳಿದಿದ್ದರೂ ಕೂಡ. ಇದನ್ನು ಬರೆಯುವಾಗ ನನಗೇ ಕಷ್ಟವಾಗುತ್ತದೆ. ಆದರೆ ಬೆಕ್ಕು ಸಂದು ಹುಡುಕಿಕೊಳ್ಳುತ್ತದೆ, ನಮಗೆ ಅಷ್ಟು ಚಿಕ್ಕ ಸಂದಿಲ್ಲ. ಪುಣೆಯ ಹವಾಮಾನ ಸಂಸ್ಥೆಯವರು ಮಾಡಿದ ದಾಮಿನಿ ಅಂತ ಒಂದು ಆಪ್ ಇದೆ. ಹತ್ತಿರ ಸಿಡಿಲಿದ್ದರೆ ಎಚ್ಚರಿಸುತ್ತದೆ. ಮೊಮ್ಮಗ ನನ್ನ ಫೋನಿಗೂ ಹಾಕಿಕೊಟ್ಟಿದ್ದಾನೆ.

ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಿ. ಸ್ವಿಚ್ಚಿನೊಳಗಿನ ಚಿಕ್ಕ ಸಂದನ್ನು ಸಿಡಿಲು ಸುಲಭವಾಗಿ ಹಾರುತ್ತದೆ. ಟೀವಿಯ ಡಿಶ್ ವೈರು, ವೈಫೈ ಡಬ್ಬಿ, ಫ್ರಿಜ್ಜು, ಎಲ್ಲವನ್ನೂ ಗುಡುಗು ದೂರ ಇರುವಾಗಲೇ ಕೀಳಬೇಕು. ತಲೆಯ ಮೇಲೆ ಬಂದ ಮೇಲೆ ಮುಟ್ಟಬೇಡಿ. ಆಗ ಸ್ನಾನಕ್ಕೂ ಹೋಗಬೇಡಿ. ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ಸರಿಯಾಗಿ ಕೆಲಸ ಮಾಡುವುದಿಲ್ಲ. ವಾರಕ್ಕೆರಡು ಸಲ ಒಂದು ಕೊಡ ನೀರು ಹೊಯ್ಯಿರಿ.

ಹಿತ್ತಲನ್ನು ಪೂರಾ ಬೋಳಿಸಿ ಅಂತ ನಾನು ಹೇಳುವುದಿಲ್ಲ. ಒಂದೆಲಗ, ಕೆಸು, ಹಕ್ಕಿ ಗೂಡು ಎಲ್ಲ ಅಲ್ಲೇ ಇರುವುದು ಅಲ್ವಾ? ಗೋಡೆಯಿಂದ ಎರಡು ಮಾರು ಸ್ವಚ್ಛ ಇದ್ದರೆ ಸಾಕು. ಬಚ್ಚಲಿಗೆ, ಬಾವಿಗೆ, ಕೊಟ್ಟಿಗೆಗೆ ಹೋಗುವ ದಾರಿ ಮಾತ್ರ ಕಾಲು ಕಾಣುವ ಹಾಗಿರಲಿ. ಮಾಡಿನ ಮೇಲೆ ಚಾಚಿದ ಕೊಂಬೆಗಳನ್ನು ಯುಗಾದಿ ಆಸುಪಾಸಿಗೇ ಕಡಿಸಿ. ಎರಡು ಮಾಡು ಸೇರುವಲ್ಲಿನ ತಗಡಿನ ದೋಣಿಯಲ್ಲಿ ದರಕು ಕೂತಿದ್ದರೆ ಮೊದಲ ಮಳೆಗೇ ನೀರು ಗೋಡೆಗಿಳಿಯುತ್ತದೆ. ಇಪ್ಪತ್ತು ಹೆಂಚು ಹೆಚ್ಚಿಗೆ ಇಟ್ಟುಕೊಂಡಿರಿ.

ಆ ದರಕನ್ನು ಗುಡಿಸುವಾಗ ಪೂರ್ತಿ ತೋಳಿನ ಅಂಗಿ, ಕಾಲುಚೀಲ ಹಾಕಿಕೊಳ್ಳಿ. ನಮ್ಮ ಜಿಲ್ಲೆಯವರಿಗೆ ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ, ಅಂದರೆ ರಕ್ತ ಹೀರುವ ಉಣ್ಣೆಯಿಂದ. ಮಳೆಗಾಲ ಹಿಡಿಯುವವರೆಗೂ ಅದರ ಭಯ ಇದ್ದೇ ಇದೆ. ದರಕಿನಲ್ಲಿರುವ ಮರಿ ಉಣುಗು ಎಷ್ಟು ಸಣ್ಣದೆಂದರೆ ಕಣ್ಣಿಗೆ ಬೀಳುವುದೇ ಕಷ್ಟ. ಆರೋಗ್ಯ ಕೇಂದ್ರದವರು ಕೊಡುವ ಎಣ್ಣೆ ಹಚ್ಚಿಕೊಂಡೇ ಹೋಗಿ. ಬಂದ ಕೂಡಲೇ ಬಿಸಿನೀರಲ್ಲಿ ಮಿಂದು ಬಟ್ಟೆ ಬೇರೆ ನೆನೆಹಾಕಿ. ಹಿತ್ತಲಲ್ಲಿ ಸತ್ತ ಮಂಗ ಕಂಡರೆ ಮುಟ್ಟದೆ ತಿಳಿಸಿ. ಗುಡ್ಡ ತಿರುಗಿ ಬಂದ ಬೆಕ್ಕಿನ ಕಿವಿ, ಕುತ್ತಿಗೆ, ಬೆರಳ ಸಂದು ದಿನಾ ನೋಡಿ. ಹಾಸಿಗೆಗೆ ಬಿಟ್ಟುಕೊಳ್ಳಬೇಡಿ. ಒಂದು ಮಾತು ಮರೆಯಬಾರದು. ನಾಯಿಗೆ ತಂದ ಉಣುಗಿನ ಔಷಧಿಯನ್ನು ಬೆಕ್ಕಿಗೆ ಹಚ್ಚಬೇಡಿ. ಅದರಲ್ಲಿ ಪರ್ಮೆತ್ರಿನ್ ಇದ್ದರೆ ಬೆಕ್ಕು ಸತ್ತೇ ಹೋಗಬಹುದು. ನೆಲಕ್ಕೆ ಹಾಕುವ ಫಿನಾಯಿಲ್, ಪೆಟ್ಟಿಗೆಯ ನುಸಿಗುಳಿಗೆ, ನಮ್ಮ ಜ್ವರದ ಪ್ಯಾರಾಸಿಟಮಾಲ್ ಮಾತ್ರೆ, ಇವೂ ಅದಕ್ಕೆ ವಿಷವೇ. ನೆಲಕ್ಕೆ ನಾನು ಸೀಗೆ ನೀರನ್ನೇ ಬಳಸುತ್ತೇನೆ.

ಮಳೆ ಬಿದ್ದ ಸಂಜೆ ದೀಪಕ್ಕೆ ಗೆದ್ದಲಿನ ರೆಕ್ಕೆಹುಳ ಮುತ್ತುತ್ತವೆ. ಹುಳ ತಿನ್ನಲು ಕಪ್ಪೆ ಬರುತ್ತದೆ, ಕಪ್ಪೆಯ ಹಿಂದೆ ಹಾವು. ಅದಕ್ಕೇ ಜಗಲಿ ದೀಪ ಆರಿಸಿ, ಹೊಸ್ತಿಲ ಸಂದಿಗೆ ಗೋಣಿ ಒತ್ತಿ. ಬೆಕ್ಕು ಒಂದೇ ಮೂಲೆ ದಿಟ್ಟಿಸುತ್ತ ಬಾಲ ದಪ್ಪ ಮಾಡಿ ಕೂತಿದ್ದರೆ ಅಲ್ಲಿಗೆ ಕೈ ಹಾಕಬೇಡಿ, ಟಾರ್ಚ್ ಬಿಡಿ. ಎಷ್ಟೋ ಸಲ ಅದು ಬರೀ ಹಲ್ಲಿ. ಆದರೆ ಎರಡು ಸಲ ನಮ್ಮಲ್ಲಿ ಹಾವೇ ಇತ್ತು. ನೆಲದ ಮೇಲೆ ಮಲಗುವವರು ಸೊಳ್ಳೆಪರದೆಯ ಅಂಚನ್ನು ಚಾಪೆಯಡಿ ಸಿಕ್ಕಿಸಿ. ಕಡು ವಿಷದ ಕಟ್ಟುಹಾವು ರಾತ್ರಿಯೇ ಓಡಾಡುವುದು. ಅದು ಕಚ್ಚಿದರೆ ನೋವೂ ಊತವೂ ಅಷ್ಟಾಗಿ ಇರುವುದಿಲ್ಲ, ಹಾಗಾಗಿಯೇ ಜನ ಮಲಗಿಬಿಡುತ್ತಾರೆ. ಅನುಮಾನ ಬಂದರೂ ಬಿಗಿದು ಕಟ್ಟುವುದು, ಕೊಯ್ಯುವುದು ಮಾಡದೆ ಸೀದಾ ದೊಡ್ಡ ಆಸ್ಪತ್ರೆಗೆ ಹೊರಡಿ.

ಕರೆಂಟಿಲ್ಲದ ರಾತ್ರಿ ಮೇಣದ ಬತ್ತಿ ಬೇಡ. ಬೆಕ್ಕಿನ ಬಾಲ ತಾಗಿದರೆ ಸಾಕು. ಗಾಜಿನ ಲಾಟೀನನ್ನು ಕೊಕ್ಕೆಗೆ ತೂಗುಹಾಕಿ, ಇಲ್ಲವೇ ಸೋಲಾರ್ ದೀಪ ಇಟ್ಟುಕೊಳ್ಳಿ.

ಬೆಳಗಾದ ಮೇಲೆ ಅಂಗಳಕ್ಕೆ ಇಳಿಯುವ ಮುಂಚೆ ಜಗಲಿಯಲ್ಲೇ ನಿಂತು ತಂತಿ ಬಿದ್ದಿದೆಯಾ ನೋಡಿ. ಬಿದ್ದಿದ್ದರೆ ಬೆಕ್ಕು, ದನ, ಮಕ್ಕಳು ಯಾರನ್ನೂ ಹೊರಗೆ ಬಿಡದೆ ಲೈನ್‌ಮನ್‌ಗೆ ಫೋನ್ ಮಾಡಿ. ಇಲ್ಲದಿದ್ದರೆ ಬಾಗಿಲು ತೆಗೆದು, ಬಟ್ಟಲಿಗೆ ಒಂದಿಷ್ಟು ಅನ್ನ ಹಾಕಿ, ಹೆಸರು ಹಿಡಿದು ಕರೆಯಿರಿ. ಒಂದೊಂದೇ ಹೊರಗೆ ಬರುತ್ತವೆ. ಐದೂ ಬಂದವಾ ಅಂತ ಎಣಿಸಿದ ಮೇಲೆಯೇ ನಾನು ಒಲೆಗೆ ಬೆಂಕಿ ಹಾಕುವುದು.